ಕೊಲೆಗಾರನ ಮನಸ್ಸು ಮತ್ತು ನಮ್ಮ ಉಗ್ರಾಣದ ಕೀಲಿಕೈ

ಶ್ರಾವಣದ ಎರಡನೇ ಸೋಮವಾರ, ನನ್ನ ಹಳೆಯ ಡೈರಿಯಲ್ಲಿ ಹೀಗಿದೆ: 'ಪತ್ತೇದಾರಿ ಕಾದಂಬರಿ ಮುಗಿಯಿತು. ಕೊಲೆಗಾರನ ಮನಸ್ಸು ಪೂರ್ತಿ ತಿಳಿಯಿತು. ಕುಸುಬಿ ಎಣ್ಣೆ ಅರ್ಧ ಡಬ್ಬಿ ಉಳಿದಿದೆ. ಸೊಸೆ ಮತ್ತೆ ಉಗ್ರಾಣದ ಕೀಲಿಕೈ ಕೇಳಿದಳು. ಕೊಡಲಿಲ್ಲ.'

ಮನಃಶಾಸ್ತ್ರದಲ್ಲಿ ಬಿ.ಎ. ಮಾಡಿ ಆಳಂದದಲ್ಲಿ ಮನೆ ನಡೆಸುವವಳಿಗೆ ಇಂಥ ಪ್ರಸಂಗಗಳ ಬರವಿಲ್ಲ.

೧. ಕೊಡಲಿಯ ಅರ್ಥ

ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ, ಓಣಿಗೆಲ್ಲ ಚಿಕ್ಕಮ್ಮನಾದ ಖಾಲಾಗೆ ಕಾದಂಬರಿಯನ್ನು ಬಿಡಿಸಿ ಹೇಳಿದೆ.

"ಅಂವ ಕೆಟ್ಟಾಂವ ಅಲ್ಲ. ಸಣ್ಣಾಂವ ಇದ್ದಾಗ ತಾಯಿ ಬಿಟ್ಟು ಹೋದ್ಳು. ಅದಕ್ಕ ಕೀಲಿಕೈ ಯಾರ ಕೈಯಾಗೂ ಕೊಡಂಗಿಲ್ಲ. ಅವನ ಪಾಲಿಗೆ ಕೀಲಿಕೈ ಅಂದ್ರ ತಾಯಿ."

"ಮತ್ತ ಕೊಲ್ಲಾಕ ಹಿಡಿದ ಆ ಕೊಡ್ಲಿ?"

"ಅದು ಅಪ್ಪನ ಮ್ಯಾಲಿನ ಸಿಟ್ಟು."

ಖಾಲಾ ಸೂಜಿಗೆ ದಾರ ಪೋಣಿಸುತ್ತ ಯೋಚಿಸಿದರು. "ಆದ್ರ ಅಕ್ಕಾರ, ಸತ್ತಾಂವ ಹಾಲು ಹಾಕಾಂವ ಅಲ್ಲೇನ್ರಿ?"

೨. ಬೀಗರ ಚೀಲ

ಸೊಸೆಯ ತಂದೆ ಅತನೂರಿನಿಂದ ಬಂದರು. ಊಟ ಮುಗಿಯುವವರೆಗೂ ಚೀಲವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ನನಗೆ ಕೊಲೆಗಾರ ನೆನಪಾದ. ಮೆಲ್ಲಗೆ ಕೇಳಿದೆ:

"ಬೀಗರ, ಸಣ್ಣವರಿದ್ದಾಗ ತಾಯಿ ನಿಮ್ಮನ್ನ ಬಿಟ್ಟು ಎಲ್ಲಾರ ಹೋಗಿದ್ರೇನ್ರಿ?"

"ಇಲ್ರಿ. ಹೋದ ಸಲ ಚೀಲ ಕೆಳಗ ಇಟ್ಟಿದ್ದೆ. ಒಳಗ ಏನೇನೈತಿ ಅಂತ ನೀವು ಡೈರ್‍ಯಾಗ ಬರಕೊಂಡ್ರಿ."

ಒಳಗಿನಿಂದ ಸೊಸೆಯ ಕೆಮ್ಮು ಕೇಳಿಸಿತು. ಅದು ಕೆಮ್ಮಲ್ಲ.

೩. ಲಕ್ಷಣಗಳು

ಜೇವರ್ಗಿಯ ಮಹಿಳಾ ಸಂಘದವರು ಇದೇ ಕೊಲೆಗಾರನ ಬಗ್ಗೆ ಮಾತಾಡಲು ಕರೆದರು. ಸೊಸೆ, ಖಾಲಾ ಇಬ್ಬರನ್ನೂ ಕರೆದುಕೊಂಡು ಹೋದೆ. ಉಗ್ರಾಣಕ್ಕೆ ಬೀಗ ಹಾಕಿ ಕೀಲಿಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಆ ಗಡಿಬಿಡಿಯಲ್ಲಿ ಚಸ್ಮಾ ಮನೆಯಲ್ಲೇ ಉಳಿಯಿತು.

"ನೀನ ಓದವಾ," ಎಂದು ಸೊಸೆಗೆ ನನ್ನ ಟಿಪ್ಪಣಿ ಕೊಟ್ಟೆ.

ಅವಳು ಎದ್ದು ನಿಂತು ಸ್ಪಷ್ಟವಾಗಿ ಓದಿದಳು: "ಕೊಲೆಗಾರನ ಲಕ್ಷಣಗಳು. ಕೀಲಿಕೈ ಸೊಂಟದಿಂದ ಬಿಚ್ಚುವುದಿಲ್ಲ. ಮನೆಯ ಚಮಚಗಳನ್ನು ದಿನಾ ಎಣಿಸುತ್ತಾನೆ. ಯಾರು ಎಷ್ಟು ರೊಟ್ಟಿ ತಿಂದರೆಂದು ಬರೆದಿಡುತ್ತಾನೆ. ತನ್ನಲ್ಲಿ ದೋಷವಿದೆಯೆಂದು ಅವನಿಗೆ ಅನಿಸುವುದೇ ಇಲ್ಲ."

ಎಲ್ಲವೂ ನನ್ನದೇ ಅಕ್ಷರ. ನಾನು ಕುರ್ಚಿಯಲ್ಲಿ ಸ್ವಲ್ಪ ಸರಿದು ಕುಳಿತೆ. ಗೊಂಚಲು ಗಲ್ ಅಂದಿತು. ಸಭೆಯೆಲ್ಲ ನನ್ನ ಸೊಂಟ ನೋಡಿತು.

ಮೊದಲ ಸಾಲಿನಿಂದ ಖಾಲಾ ಕಾಳಜಿಯಿಂದ ಕೇಳಿದರು: "ಅಕ್ಕಾರ, ಕೊಡ್ಲಿ ಮನ್ಯಾಗ ಬಿಟ್ಟು ಬಂದೀರಿ ಹೌದಿಲ್ರಿ?"

ಆ ಉಪನ್ಯಾಸಕ್ಕೆ ಕೊನೆಗೆ ತಗಲಿದ ವೆಚ್ಚ ಡೈರಿಯಲ್ಲಿದೆ: 'ಉಗ್ರಾಣದ ಕೀಲಿಕೈ ಒಂದು. ಬಸ್ಸಿನಲ್ಲೇ ಸೊಸೆಗೆ ಕೊಟ್ಟೆ.' ಕುಸುಬಿ ಎಣ್ಣೆ ಎಷ್ಟು ಉಳಿದಿದೆ ಎಂಬ ಸಾಲು ಅಂದಿನಿಂದ ಖಾಲಿ ಇದೆ.