ಹಿಂದಿನ ಸೀಟಿನ ಮೇಲೆ ಹತ್ತು ಲೀಟರ್

ನಿವೃತ್ತರಾದ ಗಂಡಸರು ಇರುವ ಮನೆಯಲ್ಲಿ ಒಂದು ಮೋಟಾರ್ ಸೈಕಲ್ಲೂ ಇದ್ದುಬಿಟ್ಟರೆ ಇಂಥವು ವಾರಕ್ಕೊಂದಾದರೂ ನಡೆಯುತ್ತವೆ. ನಗುವವರು ನಗಲಿ, ನನಗೆ ಈಗಲೂ ಬರುವುದು ಸಿಟ್ಟೇ.

ನಮ್ಮ ಯಜಮಾನರು ಚಿಕ್ಕಬಳ್ಳಾಪುರದ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ವರ್ಷಕ್ಕೊಮ್ಮೆ ಮೋಟಾರ್ ಸೈಕಲ್ಲಿನಲ್ಲಿ ದೂರದ ಊರಿಗೆ ಹೋಗುವುದು ನಮ್ಮ ರೂಢಿ. ಇಪ್ಪತ್ತೆಂಟು ವರ್ಷದಿಂದ ಹಿಂದಿನ ಸೀಟು ನನ್ನದು. ಬೆನ್ನು ನೆಟ್ಟಗೆ ಇಟ್ಟು, ಸೆರಗು ಸಿಕ್ಕಿಸಿ, ಕನ್ಯಾಕುಮಾರಿಯನ್ನೂ ಜೈಸಲ್ಮೇರನ್ನೂ ಅಲ್ಲಿಂದಲೇ ನೋಡಿದ್ದೇನೆ.

ಈ ಸಲ ಹಿಮಾಲಯದ ಸ್ಪಿತಿ ಕಣಿವೆ ಎಂದರು. ಅಲ್ಲಿ ಪೆಟ್ರೋಲ್ ಬಂಕುಗಳು ದೂರ ದೂರವಂತೆ, ಆದ್ದರಿಂದ ಹತ್ತು ಲೀಟರಿನ ಇನ್ನೊಂದು ಟ್ಯಾಂಕ್ ಬೇಕಂತೆ.

"ಎಲ್ಲಿ ಕೂರಿಸ್ತೀರಿ?"

"ಹಿಂದಿನ ಸೀಟ್ ಮೇಲೆ."

"ಪಕ್ಕದ ಕಂಬಿಗೆ ಕಟ್ಟಿಸಿ."

"ಅಲ್ಲಿ ಬಟ್ಟೆ ಬ್ಯಾಗ್ ಬರುತ್ತೆ ಕಣೇ."

"ಹಾಗಾದ್ರೆ ನಾನು?"

"ನೀನು ಮನಾಲಿವರೆಗೂ ಬಸ್ಸಲ್ಲಿ ಬಾ. ಆಮೇಲೆ ಜೀಪು. ಆರಾಮಾಗಿರುತ್ತೆ."

ನಾನು ಓದಿದ ಕಾನ್ವೆಂಟಿನಲ್ಲಿ ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕೂತರೆ ಸಿಸ್ಟರ್ ಎಬ್ಬಿಸಿ ನಿಲ್ಲಿಸಿ ಕಾರಣ ಕೇಳುತ್ತಿದ್ದರು. ನಮ್ಮ ಮನೆಯಲ್ಲಿ ಕೇಳಲು ನಾನೊಬ್ಬಳೇ. ಕೇಳಿದೆ. ಉತ್ತರವಾಗಿ ಅವರು ಅಳತೆಯ ಟೇಪು ತಂದರು.

ತೂಕ

ಸೀಟಿನ ಉದ್ದ, ಅಗಲ ಅಳೆದಾಯಿತು. ಆಮೇಲೆ ಕಾಗದದ ಮೇಲೆ ಲೆಕ್ಕ ಹಾಕಿ, "ಹತ್ತು ಲೀಟರ್ ಪೆಟ್ರೋಲು, ತಗಡಿನ ಭಾರ ಎಲ್ಲಾ ಸೇರಿ ಹತ್ತು ಹನ್ನೊಂದು ಕೇಜಿ ಅಷ್ಟೇ" ಎಂದು ಸಂತೋಷಪಟ್ಟರು. ಅಷ್ಟಕ್ಕೇ ನಿಲ್ಲಿಸಲಿಲ್ಲ.

"ಗಾಡಿಗೆ ಎಷ್ಟು ಹಗುರ ಆಗುತ್ತೆ ಗೊತ್ತಾ? ಘಾಟಿ ಹತ್ತುವಾಗ ಹಕ್ಕಿ ಥರ ಹಾರುತ್ತೆ."

"ಅಂದ್ರೆ ಇಷ್ಟು ವರ್ಷ ಹಾರ್ತಾ ಇರ್ಲಿಲ್ಲ?"

ಆಗ ಅವರಿಗೆ ತಾವು ಎಲ್ಲಿಗೆ ಬಂದು ನಿಂತಿದ್ದೇವೆ ಎಂಬುದು ಹೊಳೆಯಿತು. ಸರಿಪಡಿಸಲು ಹೊರಟರು.

"ಹಾಗಲ್ಲ ಕಣೇ. ಟ್ಯಾಂಕಾದ್ರೆ ದಾರೀಲಿ ಹೋಗ್ತಾ ಹೋಗ್ತಾ ಭಾರ ಕಮ್ಮಿ ಆಗುತ್ತೆ. ನೀನು ಪ್ರತಿ ಊರಲ್ಲೂ ತಿಂಡಿ ತಿಂತೀಯಲ್ಲ."

ಆ ದಿನ ಮನೆಯಲ್ಲಿ ತಿಂಡಿ ಮಾಡಲಿಲ್ಲ.

ಪೆದ್ದದು, ಚಿನ್ನದು

ಹಳೆಯ ಸ್ಟೀಲ್ ಟ್ಯಾಂಕ್ ಎರಡು ಸಿಕ್ಕವು. ಒಂದು ದೊಡ್ಡದು, ಒಂದು ಚಿಕ್ಕದು. ಎರಡನ್ನೂ ಮೋಟಾರ್ ಸೈಕಲ್ಲಿನ ಜೊತೆಗೆ ಚಿಂತಾಮಣಿಯ ವೆಲ್ಡಿಂಗ್ ಅಂಗಡಿಯಲ್ಲಿ ಬಿಟ್ಟು, ಯಾವುದು ಸರಿಯಾಗಿ ಕೂರುತ್ತದೋ ನೋಡಿ ಎಂದು ಹೇಳಿ ಬಂದರು.

ಆ ವಾರ ನನ್ನ ತಂಗಿ ಮೈಸೂರಿನಿಂದ ಬಂದಿದ್ದಳು. ಅವಳಿಗೆ ತೆಲುಗಿನ ಗಂಧವಿಲ್ಲ. ಯಜಮಾನರ ಫೋನ್ ರಿಂಗಾಯಿತು. ನಾನು ಬಟ್ಟೆ ಒಣಗಿಸುತ್ತಿದ್ದೆ, ಅವಳೇ ಎತ್ತಿದಳು. ಎರಡು ನಿಮಿಷ ಕೇಳಿಸಿಕೊಂಡು, ಬಿಳಿಚಿದ ಮುಖ ಹೊತ್ತು ಹಿತ್ತಿಲಿಗೆ ಬಂದಳು.

"ಅಕ್ಕಾ, ಕೂತ್ಕೋ."

"ಬಟ್ಟೆ ಒಣಗಿಸೋವಾಗ ಹೇಗೆ ಕೂತ್ಕೊಳ್ಳಲಿ? ಏನು ಹೇಳು."

"ಯಾರೋ ಚಿಂತಾಮಣಿಯವನು. 'ಸಾರ್‌ಗೆ ಹೇಳಿಬಿಡಿ, ಪೆದ್ದದು ಬೇಡ, ಹಿಂದೆ ಸರಿಯಾಗಿ ಕೂರಲ್ಲ, ಅದನ್ನ ಮನೇಲೇ ಬಿಟ್ಟು ಹೋಗ್ಲಿ. ಚಿನ್ನದು ಹಿಂದೆ ಕೂರಿಸಿ ನೋಡಿದೆ, ಭಲೇ ಚೆನ್ನಾಗಿ ಕೂತಿದೆ' ಅಂದ." ಅವಳ ಕಣ್ಣಲ್ಲಿ ನೀರು. "ಯಾರಕ್ಕಾ ಆ ಚಿನ್ನ?"

ನಾನು ಅವಳನ್ನು ಕೂರಿಸಿ ವಿವರಿಸಿದೆ. ಈ ಕಡೆ ಕನ್ನಡದೊಳಗೆ ತೆಲುಗು ನುಗ್ಗುತ್ತದೆ, ಪೆದ್ದ ಅಂದರೆ ದೊಡ್ಡದು, ಚಿನ್ನ ಅಂದರೆ ಚಿಕ್ಕದು, ಆತ ಹೇಳಿದ್ದು ಟ್ಯಾಂಕಿನ ವಿಷಯ, ಚಿಕ್ಕ ಟ್ಯಾಂಕು ಹಿಂದಿನ ಸೀಟಿನ ಮೇಲೆ ಬರುತ್ತದೆ, ನಾನು ಬಸ್ಸಿನಲ್ಲಿ ಹೋಗುತ್ತೇನೆ.

ತಂಗಿ ಕಣ್ಣೊರೆಸಿಕೊಂಡು ಸ್ವಲ್ಪ ಯೋಚಿಸಿದಳು.

"ಮತ್ತೆ ನಾನು ಅರ್ಥ ಮಾಡ್ಕೊಂಡಿದ್ರಲ್ಲಿ ತಪ್ಪೇನಿದೆ ಅಕ್ಕಾ?"

ಆರತಿ

ಟ್ಯಾಂಕ್ ಕೂರಿಸಿಕೊಂಡು ಗಾಡಿ ಮನೆಗೆ ಬಂತು. ದಾರಿಯಲ್ಲೇ ಪೆಟ್ರೋಲನ್ನೂ ತುಂಬಿಸಿದ್ದರು. ಯಜಮಾನರ ಅಕ್ಕ ಸಾದಲಿಯಿಂದ ಬಂದಿದ್ದರು. ರೇಷ್ಮೆ ಹುಳಕ್ಕೆ ಸೊಪ್ಪು ಹಾಕುವ ಹೊತ್ತಿಗೆ ವಾಪಸ್ ಹೋಗಬೇಕೆಂಬ ಅವಸರ ಅವರದು. ನಾನು ಒಳಗಿನಿಂದ ಬರುವಷ್ಟರಲ್ಲಿ ಟ್ಯಾಂಕಿಗೆ ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಕರ್ಪೂರ, ಕರ್ಪೂರ ಉರಿಯುತ್ತಿದೆ!

"ಅತ್ತಿಗೆ! ಪೆಟ್ರೋಲಿಗೆ ಮಂಗಳಾರತಿ ಮಾಡ್ತಾರೇನ್ರೀ?" ಎಂದು ಕೂಗಿ ನಡುವೆ ಹೋಗಿ ನಿಂತೆ. "ದೂರ ತಗೊಂಡು ಹೋಗಿ!"

"ಹಚ್ಚಿದ ಆರತೀನ ಎತ್ತದೆ ಹಂಗೇ ಒಳಕ್ಕೆ ತಗೊಂಡೋಗ್ಬಾರ್ದಮ್ಮ."

"ಗೇಟಿನ ಆಚೆ ನಡೀರಿ ಮೊದಲು."

ಅವರನ್ನು ತಟ್ಟೆ ಸಮೇತ ರಸ್ತೆಗೆ ಕರೆದುಕೊಂಡು ಹೋದೆ. ಅಲ್ಲಿ ಅವರು ಬೇರೆ ದಾರಿ ಕಾಣದೆ ಆ ಆರತಿಯನ್ನು ನನಗೇ ಎತ್ತತೊಡಗಿದರು. ನನ್ನ ಮುಖ ಸಿಟ್ಟಿನಿಂದ ಕೆಂಪಾಗಿತ್ತು. ಎದುರು ಮನೆಯಾಕೆ ಹೊರಬಂದು, "ಏನ್ ಸಾರ್, ಇವತ್ತು ಮನೇಲಿ ವಿಶೇಷ?" ಎಂದು ಯಜಮಾನರನ್ನು ಕೇಳಿದರು.

ಅವರು ಗಾಡಿ ಒರೆಸುತ್ತ, "ಏನಿಲ್ಲಮ್ಮ, ಎರಡರಲ್ಲಿ ಯಾವುದು ಬೇಗ ಹತ್ತಿಕೊಳ್ಳುತ್ತೆ ಅಂತ ನೋಡ್ತಿದಾರೆ" ಎಂದರು.

ಕುಡುಮಲಕುಂಟೆಯ ಹತ್ತಿರ

ಕುಡುಮಲಕುಂಟೆಯ ಆಚೆ ನೆಂಟರ ಗೃಹಪ್ರವೇಶವಿತ್ತು. ಟ್ಯಾಂಕನ್ನು ಪರೀಕ್ಷಿಸಲು ಅದೇ ಮುಹೂರ್ತವಾಯಿತು. ಗಾಡಿಯ ಸ್ವಂತ ಟ್ಯಾಂಕಿನಲ್ಲಿ ಬೇಕೆಂದೇ ಸ್ವಲ್ಪವೇ ಪೆಟ್ರೋಲ್ ಬಿಟ್ಟು, ಅದು ಮುಗಿದಾಗ ಚಿಕ್ಕದರ ನಲ್ಲಿ ತಿರುಗಿಸುವುದು ಅವರ ಯೋಜನೆ. ಅವರು ಗಾಡಿಯಲ್ಲಿ, ನಾನು ರೇಷ್ಮೆ ಸೀರೆ ಉಟ್ಟು ಬಸ್ಸಿನಲ್ಲಿ. ಮದುವೆಯಾದ ಮೇಲೆ ಒಂದೇ ಊರಿಗೆ ಹೀಗೆ ಬೇರೆ ಬೇರೆ ಹೊರಟಿದ್ದು ಅದೇ ಮೊದಲು.

ಗೌರಿಬಿದನೂರಿನಲ್ಲಿ ಬಸ್ ಬದಲಾಯಿಸಿ ಹೊರಟೆ. ಕುಡುಮಲಕುಂಟೆಯ ಕಾರ್ಖಾನೆಗಳು ಕಾಣುವ ಹೊತ್ತಿಗೆ ಕಂಡಕ್ಟರ್ ಕಿಟಕಿಯಾಚೆ ನೋಡಿ, "ಪಾಪ, ಯಾರೋ ಯಜಮಾನ್ರು ಗಾಡಿ ತಳ್ತಾವ್ರೆ" ಎಂದ.

"ಪಾಪ ಏನಿಲ್ಲ, ನಮ್ಮನೆಯವರು. ಬಸ್ ನಿಲ್ಲಿಸಿ."

ಇಳಿದೆ. ಯಜಮಾನರು ಬೆವರಿನಲ್ಲಿ ತೊಯ್ದಿದ್ದರು. ಗಾಡಿಯ ಟ್ಯಾಂಕ್ ಖಾಲಿ. ಚಿಕ್ಕದರ ನಲ್ಲಿ ತೆರೆದರೆ ಸ್ವಲ್ಪ ದೂರ ಬಂದು ನಿಂತುಬಿಟ್ಟಿತಂತೆ. ಒಳಗೆ ಹತ್ತು ಲೀಟರ್ ಹಾಗೇ ಇದೆ, ತೊಟ್ಟೂ ಇಳಿಯುವುದಿಲ್ಲ. ಪಾಳಿ ಮುಗಿಸಿ ಬರುತ್ತಿದ್ದ ಕಾರ್ಮಿಕರು ನಾಲ್ಕೈದು ಜನ ಸುತ್ತ ನಿಂತರು. ಅವರಲ್ಲಿ ಹಿರಿಯರೊಬ್ಬರು ಟ್ಯಾಂಕಿನ ಮುಚ್ಚಳ ಸಡಿಲಿಸಿದರು. ಬುಸ್ಸೆಂದು ಗಾಳಿ ಒಳಹೋಗಿ ಪೆಟ್ರೋಲು ಪೈಪಿನಲ್ಲಿ ಹರಿಯತೊಡಗಿತು.

"ಮುಚ್ಚಳದಾಗೆ ಗಾಳಿ ತೂತೇ ಇಲ್ಲ ಸಾರ್. ಉಸ್ರು ಕಟ್ಟಿದ್ರೆ ಅದೆಂಗೆ ಇಳೀತದೆ?"

ಅಷ್ಟೂ ಪೆಟ್ರೋಲ್ ಗಾಡಿಯ ಟ್ಯಾಂಕಿಗೆ ಇಳಿಯಿತು. ಆ ಹಿರಿಯರು ಖಾಲಿ ಟ್ಯಾಂಕನ್ನು ಸೀಟಿನಿಂದ ಬಿಚ್ಚಿ, ಪಕ್ಕದ ಕಂಬಿಗೆ ಹಗ್ಗದಿಂದ ಕಟ್ಟಿ, "ಇಲ್ಲೇ ಸರಿಯಾಗ್ ಕೂರ್ತದಲ್ಲ ಸಾರ್. ಅಮ್ಮಾವ್ರ ಸೀಟ್ ಮ್ಯಾಲೆ ಯಾಕಿಟ್ರಿ?" ಎಂದರು.

ನಾನು ಹೇಳಿದಾಗ ಕೇಳಿಸದ ಮಾತು ಹೊರಗಿನವರು ಹೇಳಿದಾಗ ತಕ್ಷಣ ಕೇಳಿಸಿತು. ಯಜಮಾನರು ಟ್ಯಾಂಕ್ ನೋಡಿದರು, ನನ್ನ ನೋಡಿದರು. "ಸರಿ ಕಣೇ. ಸ್ಪಿತಿಗೂ ಹೀಗೇ ಕಟ್ಟೋಣ. ಬ್ಯಾಗ್ ಚಿಕ್ಕದು ತಗೊಂಡ್ರಾಯ್ತು. ಹತ್ತು."

ಹತ್ತಿದೆ. ಆದರೆ ಸಿಟ್ಟು ಇಳಿದಿರಲಿಲ್ಲ. ಗೃಹಪ್ರವೇಶದ ಮನೆಯವರೆಗೆ ಒಂದು ಮಾತೂ ಆಡದೆ, ಅವರ ಹೆಗಲನ್ನೂ ಹಿಡಿಯದೆ, ನೆಟ್ಟಗೆ ಕೂತಿದ್ದೆ.

ಚಪ್ಪರದ ಮುಂದೆ ಗಾಡಿ ನಿಲ್ಲಿಸಿದವರು ಗಾಬರಿಯಿಂದ ಹಿಂದೆ ತಿರುಗಿ ಸೀಟನ್ನು ಮುಟ್ಟಿ ನೋಡಿದರು.

"ಸದ್ಯ, ನೀನೇ! ಅಷ್ಟು ದೂರದಿಂದ ಸದ್ದೇ ಇರ್ಲಿಲ್ಲ. ನಿನ್ನ ಅಲ್ಲೇ ಕಂಬಿಗೆ ಕಟ್ಟಿ ಟ್ಯಾಂಕ್ ಕೂರಿಸ್ಕೊಂಡು ಬಂದ್ಬಿಟ್ನೇನೋ ಅಂತ ಹೆದ್ರಿಬಿಟ್ಟಿದ್ದೆ ಕಣೇ!"