ಇಂದೂ ಅತ್ತೆಯ ಪಗಾರ ಬದಲಿ

ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ಮೇಷ್ಟ್ರ ಕೆಲಸ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಡುವುದು ನನ್ನ ಕಾಯಿಲೆ. ಆಳಂದದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಹೇಳುತ್ತ ಹೇಳುತ್ತ ಅಂಟಿಕೊಂಡದ್ದು ಅದು. ಮಕ್ಕಳು ಸಹಿಸಿಕೊಳ್ಳುತ್ತಾರೆ, ಗಂಟೆ ಹೊಡೆದೇ ಹೊಡೆಯುತ್ತದೆಂಬ ಭರವಸೆ ಅವರಿಗಿದೆ. ಮನೆಯವರಿಗೆ ಆ ಸೌಲಭ್ಯವಿಲ್ಲ. ಆದರೂ ರೇಷನ್ ಕಾರ್ಡು, ಪಿಂಚಣಿ, ಇಂಥದೇನೇ ಇದ್ದರೂ ನಮ್ಮ ಬಳಗದವರು ಬರುವುದು ನನ್ನ ಹತ್ತಿರವೇ. ಕನ್ನಡಕ ಹಾಕಿಕೊಂಡವನಿಗೆ ಸರ್ಕಾರದ ಒಳಗುಟ್ಟೆಲ್ಲ ಗೊತ್ತಿರುತ್ತದೆಂದು ಅವರ ನಂಬಿಕೆ. ನನ್ನದೂ ಅದೇ ನಂಬಿಕೆಯಾಗಿತ್ತು, ಇಂದೂ ಅತ್ತೆ ಬರುವವರೆಗೆ.

ಇಂದೂ ಅತ್ತೆ ನನ್ನ ತಂದೆಯ ಕೊನೆಯ ತಂಗಿ. ಅತ್ತೆ ಎಂದರೂ ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳಷ್ಟೇ. ಚಿಕ್ಕಂದಿನಲ್ಲಿ ಅವಳು ಹೊಡೆದದ್ದಕ್ಕೆ ನಾನು ತಿರುಗಿ ಹೊಡೆದದ್ದೂ ಉಂಟು. ಜೇವರ್ಗಿಯ ಶಾಲೆಯೊಂದರಲ್ಲಿ ಬಿಸಿಯೂಟ ಬೇಯಿಸುತ್ತಾಳೆ. ಗಂಡ ತೀರಿಕೊಂಡು ಬಹಳ ವರ್ಷವಾಯಿತು, ಮಕ್ಕಳಿಲ್ಲ. ಅಂದಿನಿಂದ ವಿಧವಾ ವೇತನ ಬರುತ್ತದೆ. ನಮ್ಮ ಕಡೆ ಅದನ್ನು ಪಗಾರವೆಂದೇ ಕರೆಯುತ್ತಾರೆ. ಒಂದು ಭಾನುವಾರ ಅವಳು ನಮ್ಮ ಮನೆಗೆ ಬಂದು, ನನ್ನ ಹೆಂಡತಿ ಸುಜಾತಾಳ ಪಕ್ಕ ಕೂತು ಹಸಿ ತೊಗರಿಕಾಯಿ ಬಿಡಿಸುತ್ತ, ನನ್ನ ಮುಖ ನೋಡದೆ ಕೇಳಿದಳು:

"ರಾಜೂ, ಈಗ ಬರೂ ಪಗಾರ ಬಿಟ್ಟು ಸರ್ಕಾರದ್ದು ಬ್ಯಾರೇದು ತಗೋಬೇಕಂದ್ರ..."

ಅಷ್ಟು ಸಾಕಾಯಿತು ನನಗೆ. ಅವಳ ಮನಸ್ಸಿನಲ್ಲಿರುವುದು ಮುದುಕರಿಗೆ ಕೊಡುವ ಸಂಧ್ಯಾ ಸುರಕ್ಷಾ ಎಂದು ಕ್ಷಣಾರ್ಧದಲ್ಲಿ ತೀರ್ಮಾನಿಸಿದೆ. "ಅದಕ್ಕ ಅರವತ್ತೈದು ತುಂಬಬೇಕು ಅತ್ತಿ. ಈಗಿಂದ್ಯಾಕ ಫಿಕರ್ ಮಾಡ್ತಿ?" ಎಂದೆ.

ಅತ್ತೆಯ ಕೈ ನಿಂತಿತು. "ಅರವತ್ತೈದು? ಅಲ್ಲೀಮಟ ಕಾಯಬೇಕಾ? ಇಷ್ಟು ವಯಸ್ಸಾಗಲಿ ಅಂತ ಯಾವ ಸರ್ಕಾರ ಹೇಳ್ತದೋ?"

"ಕಾಯ್ದೆ ಅತ್ತಿ, ಕಾಯ್ದೆ," ಎಂದು ನಾನು ಮುಕ್ಕಾಲು ಗಂಟೆ ವಿವರಿಸಿದೆ. ಸುಜಾತಾ ಸೆರಗನ್ನು ಬಾಯಿಗೊತ್ತಿಕೊಂಡು ಅಡುಗೆಮನೆಗೆ ಹೋದಳು. ಕೆಮ್ಮಿರಬೇಕು ಅಂದುಕೊಂಡೆ.

ಮರುದಿನ ಶಾಲೆಯ ಬಿಡುವಿನಲ್ಲಿ ತಾಲ್ಲೂಕು ಕಚೇರಿಗೂ ಹೋಗಿ ಬಂದೆ. ನಾನು ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ಆ ಸಂತೋಷದಲ್ಲಿ ಎರಡು ದಿನ ಊಟ ಚೆನ್ನಾಗಿ ಸೇರಿತು.

ಮುಂದಿನ ವಾರ ಅಫಜಲಪುರದಲ್ಲಿ ನಮ್ಮ ಸಂಬಂಧಿಕರೊಬ್ಬರ ಮಗುವಿಗೆ ಹೆಸರಿಡುವ ಕಾರ್ಯಕ್ರಮವಿತ್ತು. ನಾವಿಬ್ಬರು ಆಳಂದದಿಂದ, ಅತ್ತೆ ಜೇವರ್ಗಿಯಿಂದ ಬಂದು ಆ ಊರಿನ ಬಸ್ ಸ್ಟ್ಯಾಂಡಿನಲ್ಲಿ ಕೂಡಿದೆವು. ಅಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಒಬ್ಬರು ನಿಂತಿದ್ದರು. ಹೆಸರು ಭೀಮಶಾ, ಹವಳಗಾದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗುವ ಕೆಲಸ, ಅತ್ತೆಯ ಜೊತೆ ಅಡುಗೆ ಮಾಡುವ ಕಸ್ತೂರಬಾಯಿಯ ಅಣ್ಣ. ಇಷ್ಟನ್ನೂ ಅತ್ತೆ ಒಂದೇ ಉಸಿರಿನಲ್ಲಿ ಹೇಳಿ, ಸುಜಾತಾಳನ್ನು ಕರೆದುಕೊಂಡು ಬಳೆ ಅಂಗಡಿಯ ಕಡೆ ಸರಿದಳು. ಭೀಮಶಾ ನನಗೆ ಚಹಾ ತಂದುಕೊಟ್ಟು, ಗಂಟಲು ಸರಿಮಾಡಿಕೊಂಡರು.

"ಸರ, ಇಂದೂಬಾಯಿಯವರು ನಿಮ್ಮ ಮುಂದ ಆ ಬದಲಿ ವಿಷಯ ತೆಗೆದಿದ್ರಂತ. ನಿಮ್ಮ ವಿಚಾರ ಏನ್ರಿ?"

ಪರವಾಗಿಲ್ಲ, ಪರವೂರಿನವರಿಗೂ ನನ್ನ ಖ್ಯಾತಿ ಮುಟ್ಟಿದೆಯಲ್ಲ ಎಂದು ಹಿಗ್ಗಿದೆ. "ಅವಸರ ಬ್ಯಾಡ್ರಿ. ಅರವತ್ತೈದು ತುಂಬಲಿ. ಆಮ್ಯಾಲೆ ಆರಾಮ."

ಅವರ ಚಹಾ ಲೋಟ ಅರ್ಧದಾರಿಯಲ್ಲೇ ನಿಂತಿತು. "ಅಕಿಗ್ರಿ?"

"ಅಕಿಗೇ ಮತ್ತ! ಅಲ್ಲೀಮಟ ಈಗಿಂದೇ ನಡೀಲಿ. ಸುಮ್ಮನ ಕೈಯಾಗಿಂದು ಬಿಟ್ಟು ಇನ್ನೊಂದಕ್ಕ ಹೋಗಬಾರದ್ರಿ."

ಭೀಮಶಾ ಲೋಟ ಕೆಳಗಿಟ್ಟು ಬೆರಳು ಮಡಚಿ ಲೆಕ್ಕ ಹಾಕಿದರು. ಕೊನೆಗೆ, "ನನಗೀಗ ಐವತ್ತಾಗ್ಯಾವ್ರಿ ಸರ. ನೀವು ಹೇಳಿದ ಮ್ಯಾಲ ಆಯ್ತು, ಕಾಯತೇನಿ. ಆದ್ರ ಅಷ್ಟು ದಿನ ನಾ ಉಳೀಬೇಕಲ್ರಿ," ಎಂದರು.

ಅವರೇಕೆ ಕಾಯಬೇಕು ಎಂದು ನಾನು ಕೇಳುವಷ್ಟರಲ್ಲಿ ಸುಜಾತಾ ಬಂದು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದಳು. "ಅವರಿಬ್ಬರೂ ಮದುವಿ ಆಗಬೇಕಂತ ಮಾಡ್ಯಾರ್ರಿ! ವಿಧವೆಯರು ಮತ್ತ ಮದುವಿ ಆದ್ರ ಸರ್ಕಾರ ಪ್ರೋತ್ಸಾಹಧನ ಕೊಡ್ತದಲ್ಲ, ಅತ್ತಿ ಕೇಳಿದ್ದು ಅದು. ನೀವು ಒಂದ ಮಾತಾದ್ರೂ ಪೂರ್ತಿ ಕೇಳಿಸ್ಕೋತೀರಾ?"

ಆ ಬಸ್ ಸ್ಟ್ಯಾಂಡಿನಲ್ಲಿ ಅಷ್ಟೊಂದು ಬಸ್ಸುಗಳಿದ್ದವು. ಒಂದಾದರೂ ನನ್ನನ್ನು ಹತ್ತಿಸಿಕೊಂಡು ಎಲ್ಲಿಗಾದರೂ ಹೋಗಬಾರದಿತ್ತೇ ಅನ್ನಿಸಿತು.

ಮಧ್ಯಾಹ್ನ ಸಂಬಂಧಿಕರ ಮನೆಯ ಮಾಳಿಗೆಯ ಮೇಲೆ ಅತ್ತೆಯ ಎದುರು ಕೂತೆ. ಈ ಸಲ ಬಾಯಿ ಬಿಡಲಿಲ್ಲ. ಅವಳು ತಾನಾಗಿಯೇ ಶುರುಮಾಡಿದಳು.

"ಮನಷ್ಯಾ ಛಲೋ ಇದ್ದಾನ. ಅದರ ಬಗ್ಗೆ ಡೌಟ್ ಇಲ್ಲ. ಆದ್ರ ಈ ಪಗಾರ ಸಣ್ಣದಿದ್ರೂ ನನ್ನ ಹೆಸರಿಲೇ ಬರ್ತದ. ಬ್ಯಾರೇದು ಒಮ್ಮೆ ಬರೂದು, ಒಮ್ಮೆ ಖರ್ಚಾಗಿ ಹೋಗೂದು. ನಾಳೆ ಏನರ ಹೆಚ್ಚುಕಮ್ಮಿ ಆದ್ರ ಮತ್ತ ಯಾರ ಮುಂದ ಕೈ ಒಡ್ಡಲಿ? ಇಷ್ಟು ವರ್ಷ ಒಡ್ಡಿಲ್ಲ."

"ಅವರಿಗೆ ಇದನ್ನ ಕೇಳಿದ್ದೀಯೇನು?" ಎಂದಷ್ಟೇ ಅಂದೆ.

ಅವಳು ಕೆಳಗಿಳಿದು ಹೋಗಿ ಕೇಳಿಯೇಬಿಟ್ಟಳು, ಅಂಗಳದಲ್ಲಿ, ನೆಂಟರೆಲ್ಲ ಊಟಕ್ಕೆ ಕೂತಾಗ. ಬಸ್ ಸ್ಟ್ಯಾಂಡಿನಿಂದ ನಮ್ಮ ಜೊತೆಗೇ ಊಟಕ್ಕೆ ಬಂದಿದ್ದ ಭೀಮಶಾ ಗಾಬರಿಯಾಗಲಿಲ್ಲ. "ಆ ಪಗಾರ ನಾ ಕೊಡ್ತೇನಿ ಅನ್ನಾಂಗಿಲ್ರಿ. ಹಂಗಂದ್ರ ಮತ್ತ ನನ್ನ ಮುಂದ ಕೈ ಒಡ್ಡಿದಂಗಾತು. ನೀವು ಅಡಗಿ ಕೆಲಸ ಬಿಡಬ್ಯಾಡ್ರಿ. ಸರ್ಕಾರದ್ದು ಬಂದ್ರ ನಿಮ್ಮ ಹೆಸರಿಲೇ ಇಡ್ರಿ. ಕಬ್ಬಿನ ಸೀಜನ್ ಮುಗೀತಂದ್ರ ನಾನೇ ಜೇವರ್ಗಿಗೆ ಬಂದಿರತೇನಿ."

ಅತ್ತೆ ಅವರ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿ ಮುಂದಿನ ಸಾಲಿಗೆ ಹೋದಳು. ನಮ್ಮ ಬಳಗದ ಹೆಂಗಸರಿಗೆ ಅಷ್ಟು ಸಾಕಾಯಿತು. ಅಲ್ಲಿಯೇ ಸೀರೆಯ ಬಣ್ಣದ ಚರ್ಚೆ ಆರಂಭವಾಯಿತು.

ಕಬ್ಬು ನುರಿಸುವುದು ನಿಂತ ಮೇಲೆ ಜೇವರ್ಗಿಯ ಬುದ್ಧ ವಿಹಾರದಲ್ಲಿ ಮದುವೆಯಾಯಿತು. ಇಬ್ಬರೂ ಬಿಳಿ ಬಟ್ಟೆಯುಟ್ಟಿದ್ದರು. ಶಾಲೆಯ ಮಕ್ಕಳೆಲ್ಲ ಬಂದಿದ್ದರು. ತನ್ನ ಮದುವೆಯಲ್ಲೂ ಅವರಿಗೆ ಸಾರು ಸರಿಯಾಗಿ ಬಿತ್ತೋ ಇಲ್ಲವೋ ಎಂದು ಅತ್ತೆ ಎದ್ದೆದ್ದು ನೋಡುತ್ತಿದ್ದಳು. ಪ್ರೋತ್ಸಾಹಧನದ ಅರ್ಜಿಯನ್ನೂ ಹಾಕಿದ್ದಾಯಿತು. ಇನ್ನೂ ಬಂದಿಲ್ಲ. ಬರುತ್ತದೆ ಅನ್ನುತ್ತಾರೆ, ಬರುತ್ತದೆಂದೇ ನಾವೂ ನಂಬಿದ್ದೇವೆ.

ಹಳೆಯ ಪಗಾರ ನಿಲ್ಲಿಸಲು ಮಾತ್ರ ಅತ್ತೆ ಒಂದು ವಾರವೂ ಕಾಯಲಿಲ್ಲ. "ಗಂಡನ್ನ ಮನ್ಯಾಗ ಕೂಡಿಸಿ ವಿಧವಾ ಪಗಾರ ತಿನ್ನಲೇನು?" ಎಂದು, ಮದುವೆ ಮುಗಿಸಿ ಅವಳ ಮನೆಯಲ್ಲೇ ಉಳಿದಿದ್ದ ನಮ್ಮನ್ನು ಬೆಳಿಗ್ಗೆಯೇ ಎಬ್ಬಿಸಿ ತಾಲ್ಲೂಕು ಕಚೇರಿಗೆ ಹೊರಡಿಸಿದಳು. ಪಗಾರ ನಿಲ್ಲಿಸಿರೆಂದು ಜೀವಂತ ಮನುಷ್ಯರೇ ಬಂದು ಕೇಳಿದ್ದು ಅಲ್ಲಿನ ಗುಮಾಸ್ತರಿಗೆ ಹೊಸದು. "ಕಾರಣ ಏನಂತ ಬರೀಲ್ರಿ ಅಕ್ಕಾರ? ಎಲ್ಲಾರದ್ದೂ ಮರಣ ಅಂತ ಬರೀತೇವ್ರಿ."

"ಮದುವಿ ಅಂತ ಬರೀರಿ," ಎಂದಳು ಅತ್ತೆ. "ಸ್ವಲ್ಪ ದೊಡ್ಡದಾಗಿ ಬರೀರಿ."

ಗುಮಾಸ್ತರು ನಗುತ್ತ ಬರೆದುಕೊಂಡು, ಭೀಮಶಾ ಅವರನ್ನು ನೋಡಿ, "ಇವರು ಯಜಮಾನ್ರು. ಮತ್ತ ಇವರು ಯಾರ್ರಿ?" ಎಂದು ಈ ಕಡೆ ಕೈ ಮಾಡಿದರು.

"ಅವರಾ? ಹೆಣ್ಣಿನ ಕಡೆ ಹಿರಿಯರು," ಎಂದಳು ಅತ್ತೆ.

ಯಾರೋ ದೊಡ್ಡವರು ಬಂದಿರಬೇಕೆಂದು ನಾನು ಗೌರವದಿಂದ ಪಕ್ಕಕ್ಕೆ ಸರಿದು, ಹಿಂದೆ ತಿರುಗಿ ನೋಡಿದೆ. ಗೋಡೆ ಬಿಟ್ಟರೆ ಅಲ್ಲಿ ಯಾರೂ ಇರಲಿಲ್ಲ. ಸುಜಾತಾ ಮೊಣಕೈಯಿಂದ ತಿವಿದು ಪಿಸುಗುಟ್ಟಿದಳು:

"ನೀವೇ ರೀ. ಅಂಗಿ ಗುಂಡಿಯಾದ್ರೂ ಸರಿ ಹಾಕ್ಕೊಳ್ರಿ."