ನಾಲ್ಕನೇ ಕಂಬದ ಗುಂಡಿ

ಪ್ರೇಮಾ: ಈ ಗುಂಡಿ ಕಿತ್ತುಹಾಕಿ ಅಂದ್ರೆ ಕಿತ್ತುಹಾಕಿ, ಬಾಲಕೃಷ್ಣರೇ. ಸ್ಕ್ರೂಡ್ರೈವರ್ ನಾನೇ ತಂದಿದ್ದೇನೆ.

ಬಾಲಕೃಷ್ಣ: ಕಾರಣ ಹೇಳಿ. ಕಾರಣ ಬರೆದಿಡದೆ ಒಂದು ಮೊಳೆ ಕೂಡ ತೆಗೆಯೋದು ನಮ್ಮಲ್ಲಿ ಪದ್ಧತಿ ಇಲ್ಲ.

ಪ್ರೇಮಾ: ಕಾರಣ, ಮೆಕ್ವಾನ್ ಬೆನ್.

ಬಾಲಕೃಷ್ಣ: ಅವರು ಮನುಷ್ಯರು ಕಣ್ರೀ. ಕಾರಣ ಅಲ್ಲ.

ಶನಿವಾರದ ಮಧ್ಯಾಹ್ನ. ಗುಜರಾತಿನ ಚಾಂದ್‌ಖೇಡಾದ ಆ ಚರ್ಚಿನಲ್ಲಿ ಅವರಿಬ್ಬರನ್ನು ಬಿಟ್ಟರೆ, ನಾಲ್ಕನೇ ಕಂಬದ ಬೆಂಚಿನ ತುದಿಯಲ್ಲಿ ಕಣ್ಣುಮುಚ್ಚಿ ಕುಳಿತಿದ್ದ ಪ್ರೇಮಾ ಅವರ ತಾಯಿ ಕಮಲಾಬಾಯಿ ಮಾತ್ರ ಇದ್ದರು. ಗುಜರಾತಿಯಲ್ಲಿ ‘ಬೆನ್’ ಎಂದರೆ ಅಕ್ಕ; ಆ ಮೆಕ್ವಾನ್ ಅಕ್ಕ ಅಲ್ಲಿರಲಿಲ್ಲ. ಬಾಲಕೃಷ್ಣ ಈ ಚರ್ಚಿನ ಸಭೆಯವರಲ್ಲ. ಪ್ರೇಮಾ ಅವರ ಎದುರು ಮನೆಯವರು, ಬಾಹ್ಯಾಕಾಶ ಸಂಸ್ಥೆಯಿಂದ ನಿವೃತ್ತರಾದ ಎಂಜಿನಿಯರು. ಆರು ಕಂಬಗಳ ಆರು ಸ್ಪೀಕರುಗಳು ಒಂದೇ ಸಮನೆ ಅರಚುತ್ತಿದ್ದ ಚರ್ಚಿನಲ್ಲಿ ಮೂರು ಶನಿವಾರ ಏಣಿ ಹತ್ತಿಳಿದು, ಕುಳಿತವರ ಕೈಗೆಟಕುವಂತೆ ಕಂಬಕ್ಕೊಂದು ಗುಂಡಿ ಅಳವಡಿಸಿದವರು ಅವರೇ. ತಿರುಗಿಸಿದರೆ ಸೊನ್ನೆಯಿಂದ ಹತ್ತರವರೆಗೆ ದನಿ ಏರುತ್ತದೆ. ಅವರು ಪರೀಕ್ಷಿಸಿ ಆಕಾಶಕ್ಕೆ ಕಳಿಸಿದ ಯಾವ ಸಲಕರಣೆಯೂ ಹಿಂದಿರುಗಿ ಬಂದು ದೂರು ಹೇಳಿರಲಿಲ್ಲ. ಆದ್ದರಿಂದ ಈ ಅನುಭವ ಅವರಿಗೆ ಹೊಸದು.

ಪ್ರೇಮಾ: ಅಮ್ಮನ ಪಕ್ಕ ಕೂರುದು ಅವರೇ. ನಾಲ್ಕು ಭಾನುವಾರ ಆಯ್ತು. ಆರಾಧನೆ ಮುಗಿದು ಹಾಡುವವರ ಸಾಲಿನಿಂದ ನಾನು ಇಳಿದು ಬಂದು ನೋಡಿದ್ರೆ ಗುಂಡಿ ಸೊನ್ನೆಯಲ್ಲಿ! ಒಮ್ಮೆ ರೆವರೆಂಡರ ಪ್ರಸಂಗ ಶುರುವಾಗುವಾಗ ಅವರ ಕೈ ಗುಂಡಿಯ ಮೇಲೇ ಇತ್ತು. ಕಣ್ಣಾರೆ ಕಂಡಿದ್ದೇನೆ.

ಬಾಲಕೃಷ್ಣ: ಕೈ ಯಾವ ಕಡೆ ತಿರುಗ್ತಿತ್ತು? ಎಡಕ್ಕೋ, ಬಲಕ್ಕೋ?

ಪ್ರೇಮಾ: ಕಳ್ಳ ಸಿಕ್ಕಿದಾಗ ಎಡಗೈಯಾ ಬಲಗೈಯಾ ಅಂತ ಯಾರಾದ್ರೂ ಕೇಳ್ತಾರಾ?

ಬಾಲಕೃಷ್ಣ: ನಾವು ಕೇಳ್ತೀವಿ.

ಪ್ರೇಮಾ: ಎಂಬತ್ತನಾಲ್ಕು ವರ್ಷ ಅಮ್ಮನಿಗೆ. ಪ್ರಸಂಗ ಎಂತದರ ಮೇಲೆ ಇತ್ತು ಅಂತ ಮನೆಗೆ ಹೋಗಿ ಕೇಳಿದ್ರೆ ಒಂದಕ್ಷರ ಹೇಳ್ಲಿಕ್ಕೆ ಆಗುದಿಲ್ಲ. ಅವರಿಗೆ ಕೇಳ್ಬೇಕು ಅಂತಲೇ ಕಮಿಟಿಯಲ್ಲಿ ಜಗಳ ಮಾಡಿ ಗುಂಡಿ ಹಾಕಿಸಿದ್ದು. ಈಗ ಮೊದಲು ಕೇಳ್ತಿದ್ದದ್ದೂ ಹೋಯ್ತು!

ಬಾಲಕೃಷ್ಣ: ಹಾಗಿದ್ರೆ ಗುಂಡಿಗೊಂದು ಡಬ್ಬಿ ಮುಚ್ಚಿ ಬೀಗ ಹಾಕೋಣ. ಕೀ ನಿಮ್ಮ ಹತ್ರ ಇರಲಿ.

ಪ್ರೇಮಾ: ಹಾಡು ಅರ್ಧಕ್ಕೆ ಬಿಟ್ಟು ಓಡಿ ಬಂದು ಬೀಗ ತೆಗೀಬೇಕಾ ನಾನು? ಬೇಡ ಮಾರಾಯ್ರೆ. ನಾನು ಪತ್ರ ಬರೆದು ಕೊಟ್ಟಾಗಿದೆ. ನಾಳೆ ಪ್ರಕಟಣೆಯ ಹೊತ್ತಿಗೆ ರೆವರೆಂಡರು ಮೈಕಿನಲ್ಲಿ ಓದ್ತಾರೆ.

ಬಾಲಕೃಷ್ಣ: ಮೆಕ್ವಾನ್ ಬೆನ್ ಹೆಸರು ಹಾಕಿ?

ಪ್ರೇಮಾ: ಛೆ, ಹೆಸರು ಹಾಕಿ ನೋಯಿಸುದುಂಟಾ? ‘ನಾಲ್ಕನೇ ಕಂಬದ ಬೆಂಚಿನಲ್ಲಿ ನನ್ನ ತಾಯಿಯ ಪಕ್ಕ ಕೂರುವ ಒಬ್ಬ ಸಹೋದರಿ’ ಅಂತ ಮಾತ್ರ ಬರೆದಿದ್ದೇನೆ.

ಬಾಲಕೃಷ್ಣ: ಆ ಬೆಂಚಲ್ಲಿ ಎಷ್ಟು ಜನ ಕೂತ್ಕೋತಾರೆ?

ಪ್ರೇಮಾ: ಇಬ್ಬರೇ.

ಬಾಲಕೃಷ್ಣ ಕಂಬದ ಹತ್ತಿರ ಹೋದರು. ತೆಗೆಯುವುದೇ ಆದರೂ ಮೊದಲು ಪರೀಕ್ಷಿಸಬೇಕೆಂಬುದು ಅವರ ನಿಲುವು. ಗುಂಡಿಯನ್ನು ಐದಕ್ಕೆ ತಿರುಗಿಸಿ, ವೇದಿಕೆಯ ಮೇಲಿನ ಮೈಕಿನ ಮುಂದೆ ಹೋಗಿ ನಿಂತರು.

ಬಾಲಕೃಷ್ಣ: ಹಲೋ. ಒಂದು. ಎರಡು. ಮೂರು...

‘ಮೂರು’ ಮಾತ್ರ ನಾಲ್ಕನೇ ಕಂಬದಿಂದ ಹೊರಬರಲೇ ಇಲ್ಲ. ಕಮಲಾಬಾಯಿ ಕಣ್ಣು ತೆರೆಯದೆ, ಪಕ್ಕದ ಫ್ಯಾನಿನ ಸ್ವಿಚ್ಚು ಆರಿಸುವಷ್ಟು ಸಹಜವಾಗಿ ಕೈ ಚಾಚಿ ಗುಂಡಿಯನ್ನು ಸೊನ್ನೆಗೆ ತಿರುಗಿಸಿದ್ದರು.

ಪ್ರೇಮಾ: ಅಮ್ಮಾ! ನೀವಾ?

ಕಮಲಾಬಾಯಿ: ಒಂದು ಎರಡು ನನಗೆ ಬರ್ತದೆ. ಅದನ್ನೂ ಮೈಕಿನಲ್ಲಿ ಹೇಳ್ಬೇಕಾ?

ಪ್ರೇಮಾ: ನಿಮಗೆ ಕಿವಿ ಕೇಳ್ತದಾ?

ಕಮಲಾಬಾಯಿ: ಕೇಳದೆ ಎಂತ? ಈಗ ನೀನು ಪತ್ರ ಬರೆದದ್ದೂ ಕೇಳಿತು.

ಪ್ರೇಮಾ: ಮತ್ತೆ ಪ್ರಸಂಗ ಯಾಕೆ ಗೊತ್ತಾಗುದಿಲ್ಲ?

ಕಮಲಾಬಾಯಿ: ಅದು ಗುಜರಾತಿಯಲ್ಲಿ ಉಂಟಲ್ಲ ಮಗಾ. ಜೋರಾಗಿ ಹೇಳಿದ್ರೆ ಗುಜರಾತಿ ಕನ್ನಡ ಆಗ್ತದಾ?

ನಲವತ್ತು ವರ್ಷ ಗುಜರಾತಿನಲ್ಲಿ ಬಾಳಿದ ಪ್ರೇಮಾ ಅವರಿಗೆ, ಉಡುಪಿಯಿಂದ ಬಂದು ಮೂರು ವರ್ಷವೂ ತುಂಬದ ತಾಯಿಗೆ ಈ ಭಾಷೆ ಬಾರದೆಂಬುದು ಹೊಸ ಸುದ್ದಿಯಂತೆ ತಟ್ಟಿತು. ಬಾಲಕೃಷ್ಣ ವೇದಿಕೆಯಿಂದ ಇಳಿದು ಬಂದರು. ದೋಷ ಸಲಕರಣೆಯದಲ್ಲವೆಂದು ತಿಳಿದಾಗ ಅವರ ಮುಖದಲ್ಲಿ ಮೂಡುವ ಶಾಂತಿ ಈಗ ಮೂಡಿತ್ತು.

ಬಾಲಕೃಷ್ಣ: ಅರ್ಥ ಆಗದಿದ್ರೂ ಕಿವಿ ಮೇಲೆ ಬಿದ್ದಿರಲಿ ಅಂತ ಬಿಡಬಹುದಿತ್ತಲ್ಲ ಅಮ್ಮಾವ್ರೇ? ಸೊನ್ನೆ ಯಾಕೆ ಮಾಡ್ತೀರಿ?

ಕಮಲಾಬಾಯಿ: ಪ್ರಸಂಗಕ್ಕೆ ನಾನು ಮುಟ್ಟುದಿಲ್ಲ. ಹಾಡಿಗೆ ಮಾತ್ರ. ರಾಗ ನಮ್ಮೂರಿನದ್ದೇ, ಮಾತು ಇಲ್ಲಿಯದ್ದು. ನಾನು ನನ್ನ ಕನ್ನಡದಲ್ಲಿ ಹೇಳ್ತಾ ಹೋಗ್ತೇನೆ. ಕಿವಿಯ ಬುಡದಲ್ಲಿ ಇದು ಗುಜರಾತಿಯಲ್ಲಿ ಕಿರುಚಿದ್ರೆ ಎರಡನೇ ಚರಣ ಮರೆತುಹೋಗ್ತದೆ. ಒಮ್ಮೆ ಹೋದ್ರೆ ಮತ್ತೆ ಸಿಕ್ಕುದಿಲ್ಲ. ಇಲ್ಲಿ ಯಾರ ಹತ್ರ ಕೇಳುದು?

ಪ್ರೇಮಾ ಬಾಯಿ ತೆರೆದರು. ಸಾವಿರ ಸಲ ಹಾಡಿದ ಆ ಎರಡನೇ ಚರಣ ತಮಗೂ ಈಗ ಗುಜರಾತಿಯಲ್ಲೇ ನೆನಪಾಗುತ್ತಿದೆಯೆಂದು ಅರಿವಾಗಿ ಮತ್ತೆ ಮುಚ್ಚಿದರು.

ಬಾಲಕೃಷ್ಣ: ಮೆಕ್ವಾನ್ ಬೆನ್ ಕೈ ಯಾಕೆ ಬಂತು ಮತ್ತೆ?

ಕಮಲಾಬಾಯಿ: ಅವಳಿಗೆ ಕಿವಿ ಮಂದ, ಪಾಪ. ಪ್ರಸಂಗ, ಪ್ರಕಟಣೆ ಅವಳ ಪಾಲಿಗೆ, ಹತ್ತಕ್ಕೆ ಏರಿಸ್ತಾಳೆ. ಹಾಡು ನನ್ನ ಪಾಲಿಗೆ. ಕೈಸನ್ನೆಯಲ್ಲೇ ಮಾತಾಡಿಕೊಂಡದ್ದು. ಒಂದು ದಿನ ತಪ್ಪಿಲ್ಲ.

ಬಾಲಕೃಷ್ಣ: ಕೊನೆಗೆ ಏನಿರುತ್ತೆ, ಆರಾಧನೆ ಮುಗಿಯೋವಾಗ?

ಪ್ರೇಮಾ (ಮೆಲ್ಲಗೆ): ಹಾಡು.

ಬಾಲಕೃಷ್ಣ: ಅದಕ್ಕೇ ಸೊನ್ನೆ. ಸರಿಯಾಗಿಯೇ ಕೆಲಸ ಮಾಡ್ತಿದೆ.

ಪ್ರೇಮಾ: ಸರಿ ಉಂಟು, ಆದ್ರೆ ಪತ್ರ? ರೆವರೆಂಡರು ಅದನ್ನು ಚೀಲದಲ್ಲಿಟ್ಟುಕೊಂಡು ನಡಿಯಾದ್‌ಗೆ ಹೋಗಿದ್ದಾರೆ. ಬೆಳಗ್ಗಿಂದ ಫೋನು ಸ್ವಿಚ್ ಆಫ್. ನಾಳೆ ನೇರ ಆರಾಧನೆಗೇ ಬರುದು! ಅಮ್ಮಾ, ನಾಳೆ ಒಂದು ದಿನ ಪ್ರಕಟಣೆಯ ಹೊತ್ತಿಗೂ ನೀವೇ ಸೊನ್ನೆ ಮಾಡಿಬಿಡಿ.

ಕಮಲಾಬಾಯಿ: ಪ್ರಕಟಣೆ ಅವಳದ್ದು. ಮಾತು ಕೊಟ್ಟಾಗಿದೆ.

ಪ್ರೇಮಾ: ಬಾಲಕೃಷ್ಣರೇ, ಈ ಒಂದು ಸ್ಪೀಕರು ನಾಳೆ ಒಂದೈದು ನಿಮಿಷ ಕೆಟ್ಟುಹೋಗ್ಲಿಕ್ಕೆ ಸಾಧ್ಯ ಉಂಟಾ?

ಬಾಲಕೃಷ್ಣ: ನಾನು ಜೋಡಿಸಿದ್ದು. ಕೆಡಲ್ಲ.

ಪ್ರೇಮಾ ಇಬ್ಬರ ಮುಖವನ್ನೂ ನೋಡಿದರು. ಎರಡರಲ್ಲೂ ಬದಲಾವಣೆ ಇರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿಲ ಕಡೆ ನಡೆದರು.

ಬಾಲಕೃಷ್ಣ: ಎಲ್ಲಿಗೆ?

ಪ್ರೇಮಾ: ಮೆಕ್ವಾನ್ ಬೆನ್ ಮನೆಗೆ. ಯಾರಿಗೂ ಗೊತ್ತಾಗದ ಹಾಗೆ ಮೆಲ್ಲ ಕ್ಷಮೆ ಕೇಳಿ ಬರ್ತೇನೆ.

ಕಮಲಾಬಾಯಿ: ಮೆಲ್ಲ ಕೇಳಿದ್ರೆ ಆಗುದಿಲ್ಲ. ಬಾಗಿಲಲ್ಲೇ ನಿಂತು ಸೊಸೈಟಿಯ ಅಷ್ಟೂ ಮನೆಗಳಿಗೆ ಕೇಳುವ ಹಾಗೆ ಕೂಗು. ಅವಳ ಮನೆಯಲ್ಲಿ ಗುಂಡಿ ಇಲ್ಲ.